ಅಳತೆ ರವಿಕೆ, ಹಳೇ ಕಂಪ್ಯೂಟರ್

ನಂಜನಗೂಡಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ಇಡುವ ಮೊದಲು ನಾನು ಬಟ್ಟೆ ಹೊಲಿಯುತ್ತಿದ್ದೆ. ಹೊಸ ರವಿಕೆ ಮೈಗೆ ಕೂರುವವರೆಗೂ ಅಳತೆಗೆ ಕೊಟ್ಟ ರವಿಕೆಯನ್ನು ಯಾರಿಗೂ ವಾಪಸ್ ಕೊಡುತ್ತಿರಲಿಲ್ಲ.

ಹೊಸ ಕಂಪ್ಯೂಟರ್ ತಂದ ಮೈಸೂರಿನ ಅಂಗಡಿಯವನು, ಹಳೆಯದನ್ನು ಎಕ್ಸ್‌ಚೇಂಜಿಗೆ ಎತ್ತಿಕೊಳ್ಳಲು ಬಗ್ಗಿದ. ತಿ. ನರಸೀಪುರದ ಭಜನೆ ತಂಡದ ಹಾಡುಗಳು ಅದರಲ್ಲಿದ್ದವು. ಭಾನುವಾರ ಅವರಿಗೆ ಸಿ.ಡಿ. ಕೊಡಬೇಕಿತ್ತು.

"ಮೊದಲು ಹೊಸದರಲ್ಲಿ ಒಂದು ಹಾಡು ತೆಗೆದು ಕೇಳಿಸಿ," ಅಂದೆ.

"ಎಲ್ಲಾ ಕಾಪಿ ಆಗಿದೆ ಮೇಡಂ. ಇದರ ಪ್ರೊಸೆಸರೇ ಬೇರೆ ಥರದ್ದು, ಭಾರಿ ಫಾಸ್ಟು. ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ."

"ಬೇರೆ ಥರದ್ದು ಅಂತ ನಾನೂ ಓದಿದೀನಿ ಕಣ್ರೀ. ಅದಕ್ಕೇ ಹೇಳ್ತಿರೋದು, ತೆಗೀರಿ."

ತೆಗೆದ. ಹಾಡುವವರ ದನಿ ಬಂತು. ತಂಬೂರಿ, ಹಾರ್ಮೋನಿಯಂ ಬರಲಿಲ್ಲ. ಅವು ನಿಜವಾದ ವಾದ್ಯಗಳಲ್ಲ, ಸಾಫ್ಟ್‌ವೇರ್ ಹೊರಡಿಸುವ ದನಿಗಳು; ಆ ಸಾಫ್ಟ್‌ವೇರನ್ನು ಹಳೇ ಪ್ರೊಸೆಸರಿಗೆಂದೇ ಬರೆದಿದ್ದರು. ಅವನು ಹಣೆ ಒರೆಸಿಕೊಂಡ.

ನಾನು ಹಳೆಯದನ್ನೇ ಆನ್ ಮಾಡಿ, ಒಂದೊಂದು ವಾದ್ಯವನ್ನೂ ಬರೀ ಧ್ವನಿಯಾಗಿ ರೆಕಾರ್ಡ್ ಮಾಡಿಕೊಂಡು ಹೊಸದಕ್ಕೆ ಸಾಗಿಸಿದೆ. ಭಾನುವಾರ ಸಿ.ಡಿ. ಕೇಳಿದ ತಂಡದವರಿಗೆ ಏನೂ ಗೊತ್ತಾಗಲಿಲ್ಲ.

ಹಳೇ ಕಂಪ್ಯೂಟರ್ ಇನ್ನೂ ನನ್ನಲ್ಲೇ ಇದೆ. ಹೊಸದರಲ್ಲಿ ವಾದ್ಯಗಳು ಬಾರದ ತನ್ನ ಗಿರಾಕಿಗಳನ್ನು ಅದೇ ಅಂಗಡಿಯವನು ಈಗ ನನ್ನ ಹತ್ತಿರ ಕಳಿಸುತ್ತಾನೆ. ಅವರೆಲ್ಲ ಹೊಸದು ಮೈಗೆ ಕೂರುವ ಮೊದಲೇ ಅಳತೆ ರವಿಕೆ ವಾಪಸ್ ಕೊಟ್ಟವರು.