ಪಾಸಿನವರನ್ನು ಬಿಟ್ಟ ಲೆಕ್ಕ

ಮೇಷ್ಟ್ರು ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. ಸರ್ಕಾರದ ಸಲಹೆಗಾರರಾದ ಮೇಲೆ ಬೇರೇನು ಸಿಕ್ಕಿತೋ ಬಿಟ್ಟಿತೋ, ಬಾಗಿಲ ಮೇಲೊಂದು ಹಿತ್ತಾಳೆಯ ಫಲಕವಂತೂ ಸಿಕ್ಕಿತು. ದಿನಾ ಒಳಗೆ ಹೋಗುವಾಗ ಅದರತ್ತ ಒಮ್ಮೆ ಕಣ್ಣು ಹಾಯಿಸದೆ ಇರಲು ಆಗುತ್ತಿರಲಿಲ್ಲ. ಪಾಪ, ಯಾರಿಗೆ ತಾನೆ ಆಗುತ್ತದೆ! ಹೆಂಡತಿ ಮಾತ್ರ, "ಮನೆ ಬಾಗ್ಲಿಗೂ ಒಂದು ಹಾಕಿಸ್ಬಿಡಿ, ಇದು ಯಾರ ಮನೆ ಅಂತ ನಿಮಗೆ ನೆನಪಿರ್ಲಿ" ಎಂದು ಕಾಲೆಳೆಯುತ್ತಿದ್ದಳು.

ಮೊದಲ ಕೆಲಸ, ಖಾಲಿ ಓಡುವ ಬಸ್ಸುಗಳನ್ನು ಗುರುತಿಸುವುದು. ಮೇಷ್ಟ್ರು ಒಂದು ವರ್ಷದ ಟಿಕೆಟ್ ಅಂಕಿಅಂಶ ತರಿಸಿಕೊಂಡರು. ಹದಿನೇಳು ಮಾರ್ಗಗಳು ದಂಡ ಎಂದು ವರದಿ ಬರೆದರು. ಒಂದು ಬಸ್ಸನ್ನೂ ಹತ್ತಿ ನೋಡಲಿಲ್ಲ.

ವರದಿ ಮಂತ್ರಿಗಳ ಕೈ ಸೇರುವ ಹಿಂದಿನ ದಿನ, ಬಸ್ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದ ಅವರ ಹಳೆಯ ವಿದ್ಯಾರ್ಥಿನಿ ಬಂದಳು. ತರಗತಿಯಲ್ಲಿ ಮಾತುಮಾತಿಗೂ ಎದ್ದು ನಿಲ್ಲುತ್ತಿದ್ದವಳಿಗೆ 'ತಕರಾರು' ಎಂದು ಹೆಸರಿಟ್ಟಿದ್ದವರು ಮೇಷ್ಟ್ರೇ. ಅಂಕಿಅಂಶ ಕಳಿಸಿದ್ದವಳೂ ಅವಳೇ.

"ಸರ್, ನೀವು ಟಿಕೆಟ್ ಲೆಕ್ಕ ಮಾತ್ರ ಕೇಳಿದ್ರಿ, ಕಳಿಸ್ದೆ. ಆದ್ರೆ ಪಾಸಿರೋರಿಗೆ ಟಿಕೆಟ್ ಕೊಡಲ್ವಲ್ಲ? ಆ ಬಸ್ಸುಗಳಲ್ಲಿ ಕಾಲೇಜು ಹುಡುಗೀರು, ಆಸ್ಪತ್ರೆ ಆಯಾಗಳು, ಎಲ್ರೂ ಪಾಸಿನೋರೇ. ನಿಲ್ಲೋಕೂ ಜಾಗ ಇರಲ್ಲ."

ಮೇಷ್ಟ್ರು ವರದಿಯ ಪುಟ ತಿರುವಿ ನೋಡಿದರು. ಮೊದಲ ವರ್ಷದ ಹುಡುಗರು ಮಾಡಿದ್ದರೆ ತಾವೇ ತರಗತಿಯಿಂದ ಹೊರಗೆ ಕಳಿಸುತ್ತಿದ್ದಂಥ ತಪ್ಪು.

"ನಾಳೆ ಮಂತ್ರಿಗಳಿಗೆ ಹೇಳ್ತೀನಮ್ಮ" ಎಂದರು.

ಹೇಳಬೇಕೆಂದೇ ಹೋದರು. ಮಂತ್ರಿಗಳು ಹತ್ತು ಜನರೆದುರು ಅವರ ಹೆಗಲ ಮೇಲೆ ಕೈಹಾಕಿ, "ಇವ್ರು ಲೆಕ್ಕ ಹಾಕಿದ್ರೆ ಮುಗೀತು, ತಿರುಗಿ ನೋಡೋ ಹಾಗೇ ಇಲ್ಲ" ಎಂದುಬಿಟ್ಟರು. ಮೇಷ್ಟ್ರು ಹಲ್ಲು ಕಿರಿದರು. ಪಾಸಿನ ಮಾತೆತ್ತದೆ ವರದಿ ಮುಂದಿಟ್ಟರು.

ಬಸ್ಸುಗಳು ನಿಂತವು. ಮೂರನೇ ವಾರ ಹುಡುಗಿಯರೂ ಆಯಾಗಳೂ ಡಿಪೋ ಗೇಟಿಗೆ ಅಡ್ಡ ಕೂತರು. ಬಸ್ಸುಗಳು ಮತ್ತೆ ಓಡಿದವು. ತಪ್ಪು ಯಾರದೆಂದು ಮಂತ್ರಿಗಳು ಗದರಿದಾಗ ಮೇಷ್ಟ್ರ ಬಾಯಿಂದ ಸಲೀಸಾಗಿ ಬಂತು: "ಇಲಾಖೆಯಿಂದ ಬಂದ ಮಾಹಿತೀನೇ ಅರೆಬರೆ ಇತ್ತು ಸರ್." ಪೂರ್ತಿ ಸುಳ್ಳೆನ್ನುವ ಹಾಗಿಲ್ಲ, ನಿಜವಂತೂ ಅಲ್ಲ. ಇಂಥ ವಾಕ್ಯ ಕಟ್ಟುವುದರಲ್ಲಿ ಓದಿದವರನ್ನು ಮೀರಿಸುವವರಿಲ್ಲ.

ವಿಚಾರಣೆ ನಡೆದು ತಕರಾರಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ಮುನ್ನ ಹೇಳಿಹೋಗಲು ಬಂದಳು. ಅವಳನ್ನು ಕಂಡು ಮೇಷ್ಟ್ರಿಗೆ ಕೂತಲ್ಲೇ ಮೈ ಹಿಡಿಯಾಯಿತು. ಈಗ ಬೈಯುತ್ತಾಳೆ, ಬೈಯಲಿ, ಬೈದುಬಿಟ್ಟರೆ ಸಾಕು ಎಂದು ತಲೆ ತಗ್ಗಿಸಿ ಕಾದರು.

"ಸರ್, ನಿಮಗೆ ಮೊದ್ಲೇ ತಿಳಿಸಿದ್ದೆ ಅಂತ ವಿಚಾರಣೇಲಿ ನಾನು ಬಾಯಿಬಿಡ್ಲಿಲ್ಲ. ನೀವು ಹೇಳೇ ಇರ್ತೀರ, ಮಂತ್ರಿಗಳೇ ಕೇಳಿರಲ್ಲ. ಸುಮ್ನೆ ನಿಮ್ಮ ಹೆಸ್ರು ಯಾಕೆ ಕೆಡಬೇಕು?"

ನಾಚಿಕೆಯಿಂದ ಮೇಷ್ಟ್ರ ಕಿವಿ ಬಿಸಿಯಾಯಿತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಕೋಣೆಯಲ್ಲಿದ್ದವರು ಇಬ್ಬರೇ, ಎದುರಿಗಿದ್ದವಳು ಕ್ಷಮಿಸಿಬಿಡುವವಳೇ.

"ಹೂಂ ಕಣಮ್ಮ" ಎಂದರು ಮೇಷ್ಟ್ರು, "ಎಷ್ಟು ಹೇಳಿದ್ರೂ ಅವ್ರು ಕೇಳ್ಲಿಲ್ಲ."