ಮತ್ತಿತರರು ಇದ್ದರು

ಹೊಸಪೇಟೆಯ ಸಣ್ಣದೊಂದು ದಿನಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸಕ್ಕೆ ನಾನು ಸೇರಿ ಆಗ ಆರು ವರ್ಷವಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಚಿತ್ತವಾಡ್ಗಿಯಿಂದ ಆಟೊ ಹತ್ತಿ ಬಂದರೆ, ಸಂಡೂರು, ಕಂಪ್ಲಿ, ತೋರಣಗಲ್ಲಿನ ವರದಿಗಾರರು ಮೊಬೈಲಿಗೆ ಕಳಿಸಿದ ಸುದ್ದಿ, ಫೋಟೊಗಳನ್ನೆಲ್ಲ ಪುಟದೊಳಗೆ ಕೂಡಿಸುವುದು ನನ್ನ ಪಾಲಿನ ಕೆಲಸ. ಯಾರ ಬಗ್ಗೆ ಏನು ಬರೆಯಬೇಕೆಂದು ತೀರ್ಮಾನಿಸುವವಳು ನಾನಲ್ಲ ಎಂದೇ ನಂಬಿದ್ದೆ.

ನಮ್ಮದು ಶಾಸಕರ ಪೇಪರ್ ಎಂದು ಎದುರು ಪಕ್ಷದವರು ಫೋನ್ ಮಾಡಿ ಬೈಯುತ್ತಿದ್ದರು. ನೀವು ಆ ಕಡೆಯವರಿಗೆ ಮಾರಿಕೊಂಡಿದ್ದೀರಿ ಎಂದು ಶಾಸಕರ ಬೆಂಬಲಿಗರೂ ಬೈಯುತ್ತಿದ್ದರು. ಎರಡೂ ಫೋನ್ ಬಂದ ದಿನ ಸಂಪಾದಕರಿಗೆ ಖುಷಿಯೋ ಖುಷಿ. "ಇಬ್ರೂ ಬೈತಾರ ಅಂದ್ರ ನಾವು ಸರಿಯಾಗಿ ನಡುವ ಅದೀವಿ ಅಂತರ್ಥ" ಎನ್ನುತ್ತ ಎಲ್ಲರಿಗೂ ಚಹಾ ತರಿಸುತ್ತಿದ್ದರು. ನಾವೂ ನಗುತ್ತಿದ್ದೆವು.

ಒಂದು ದಿನ ಕಂಪ್ಲಿ ಬಸ್ಸಿನಿಂದ ಇಳಿದು ಹೆಂಗಸೊಬ್ಬರು ಕಚೇರಿಗೆ ಬಂದರು. ನಲವತ್ತೈದರ ಆಸುಪಾಸಿನವರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಕಂಪ್ಲಿ ಕಡೆಯ ಹಳ್ಳಿಯೊಂದರ ಪಂಚಾಯಿತಿ ಅಧ್ಯಕ್ಷೆ ಎಂದು ಹೇಳಿಕೊಂಡರು. ಕೂಲಿ ಮಾಡುವ ಮನೆಯವರು, ಮೀಸಲು ಸ್ಥಾನದಿಂದ ಗೆದ್ದವರು. "ಫೋಟೊ ಹಾಕೋರು ಯಾರ್ರಿ?" ಎಂದು ಕೇಳಿದರು. ಎಲ್ಲರೂ ನನ್ನತ್ತ ತೋರಿಸಿದರು.

ಕವರಿನಿಂದ ಹಿಂದಿನ ದಿನದ ನಮ್ಮ ಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದರು. ಅವರ ಊರಿನ ಕುಡಿಯುವ ನೀರಿನ ಘಟಕದ ಉದ್ಘಾಟನೆಯ ಫೋಟೊ. ನಡುವೆ ಶಾಸಕರು ಟೇಪು ಕತ್ತರಿಸುತ್ತಿದ್ದಾರೆ. ಬಲಗಡೆ, ಚಿತ್ರ ಮುಗಿಯುವಲ್ಲಿ, ಟೇಪು ಹಿಡಿದಿರುವ ಬಳೆ ತೊಟ್ಟ ಕೈ.

"ಈ ಕೈ ನಂದ್ರೀ ಮೇಡಂ. ಉಳಿದದ್ದು ಎಲ್ಲಿ ಹೋತು?"

"ಫೋಟೊ ಭಾಳ ಅಗಲ ಇತ್ತಮ್ಮ. ಎರಡು ಕಾಲಂನಾಗ ಕುಂದ್ರಲಿಲ್ಲ. ಒಂದು ಕಡಿ ಕತ್ತರಿಸಬೇಕಾತು."

ನಾನು ಹೇಳಿದ್ದು ನಿಜವೇ ಆಗಿತ್ತು. ಅವರು ಎಡಗಡೆಯ ಅಂಚಿನಲ್ಲಿ ನಗುತ್ತ ನಿಂತ ಹಿರಿಯರೊಬ್ಬರ ಮೇಲೆ ಬೆರಳಿಟ್ಟರು.

"ಈ ಕಡಿ ಯಾಕ ಕತ್ತರಿಸಲಿಲ್ಲ? ಇವ್ರು ಯಾವ ಎಲೆಕ್ಷನ್ ಗೆದ್ದಾರ್ರಿ?"

ಆ ಹಿರಿಯರು ಯಾವ ಚುನಾವಣೆಯನ್ನೂ ಗೆದ್ದಿರಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವರು, ಹಬ್ಬ ಬಂದರೆ ನಮ್ಮ ಪತ್ರಿಕೆಗೆ ಜಾಹೀರಾತು ಕೊಡುವವರು, ನನ್ನ ಸ್ವಂತ ದೊಡ್ಡಪ್ಪ. "ಊರಿನ ಗಣ್ಯರು" ಎಂದಷ್ಟೇ ಹೇಳಿದೆ. ಸಂಬಂಧ ಹೇಳಲಿಲ್ಲ.

ಕವರಿನಿಂದ ಇನ್ನೂ ನಾಲ್ಕೈದು ತುಣುಕುಗಳು ಹೊರಬಂದವು. ಸಿ.ಸಿ. ರಸ್ತೆ, ಶಾಲೆಯ ಕಾಂಪೌಂಡು, ಅಂಗನವಾಡಿ ಕಟ್ಟಡ. ಎಲ್ಲದರಲ್ಲೂ ಶಾಸಕರ ಹೆಸರು, ಗುತ್ತಿಗೆದಾರರ ಹೆಸರು, ಕೆಲವರ ಅಣ್ಣತಮ್ಮಂದಿರ ಹೆಸರು. ಕೊನೆಯಲ್ಲಿ 'ಮತ್ತಿತರರು ಇದ್ದರು.' ಅವರು ಆ ಸಾಲಿನ ಕೆಳಗೆಲ್ಲ ಬಾಲ್ ಪೆನ್ನಿನಿಂದ ಗೆರೆ ಎಳೆದಿದ್ದರು.

"ನೀರಿನ ಘಟಕಕ್ಕ ನಾ ಎಷ್ಟು ಸಲ ಬಳ್ಳಾರಿ ಆಫೀಸಿಗೆ ಅಡ್ಡಾಡೀನಿ ನಂಗ ಗೊತ್ತು. ಮಂದಿ ಪೇಪರ್ ನೋಡಿ, ಎಲ್ಲಾ ಶಾಸಕರು ಮಾಡಿಸ್ಯಾರ, ಈಕಿ ಸುಮ್ನ ಕುರ್ಚಿ ಮ್ಯಾಲ ಕುಂತಾಳ ಅಂತಾರ. ನಾಳೆ ನನ್ನ ಮಾತು ಯಾರು ಕೇಳ್ತಾರ?"

ಸಂಪಾದಕರು ತಮ್ಮ ಕೋಣೆಯಿಂದ ಹೊರಗೆ ಬಂದು, "ಯಾರೂ ಬೇಕಂತ ಮಾಡಿಲ್ಲಮ್ಮ. ಕುಂದ್ರಿ, ಚಹಾ ಕುಡೀರಿ. ಮುಂದಿನ ಸಲ ನೋಡೋಣು" ಎಂದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಅವರು ಹೊರಟೇಬಿಟ್ಟರು.

ಮರುದಿನ ಬೇಗ ಬಂದು ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿ ಕೂತೆ. ಅವರೊಬ್ಬರೇ ಅಲ್ಲ. ಬೇರೆ ಊರುಗಳ ಅಧ್ಯಕ್ಷೆಯರು, ಕೇರಿಯಿಂದ ಗೆದ್ದ ಸದಸ್ಯರು, ಎಲ್ಲರೂ ಅಂಚಿನಲ್ಲಿ ನಿಂತವರು. ಅಂಚನ್ನು ಕತ್ತರಿಸಿದವಳು ನಾನು. ನನ್ನ ದೊಡ್ಡಪ್ಪನ ಮುಖ ಮಾತ್ರ ಮತ್ತೆ ಮತ್ತೆ ಸಿಕ್ಕಿತು. ಹೀಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವರ ಮೇಲೆ ಹಾಕಿ ಹಗುರಾಗಬಹುದಿತ್ತು. ಗೊತ್ತಿರುವ ಮುಖವನ್ನು ಉಳಿಸಿಕೊಂಡು ಗೊತ್ತಿಲ್ಲದ್ದನ್ನು ನನ್ನ ಕೈ ತಾನಾಗಿಯೇ ತೆಗೆದುಹಾಕುತ್ತಿತ್ತು.

ಕಂಪ್ಲಿಯ ವರದಿಗಾರರಿಗೆ ಫೋನ್ ಮಾಡಿ, ಇನ್ನು ಮುಂದೆ ಆ ಅಧ್ಯಕ್ಷೆಯ ಹೆಸರೂ ಬರೆಯಿರಿ ಎಂದೆ. "ಬರದ್ರ ಉಳಿದ ಮೆಂಬರು ಸಿಟ್ಟಾಗ್ತಾರ ಮೇಡಂ. ನಿಮಗ್ಯಾಕ ಬೇಕು ಇದೆಲ್ಲಾ?" ಎಂದರು. ನಾನು ಸುಮ್ಮನಾದೆ. ಸಂಪಾದಕರಿಗೂ ಹೇಳಲಿಲ್ಲ. ಆ ಸುಮ್ಮನಿದ್ದದ್ದೇ ಇವತ್ತಿಗೂ ನನ್ನನ್ನು ಕಾಡುತ್ತದೆ.

ಕೆಲವು ತಿಂಗಳು ಕಳೆದ ಮೇಲೆ ಆ ಅಧ್ಯಕ್ಷೆಯ ವಿರುದ್ಧ ಸದಸ್ಯರು ಅವಿಶ್ವಾಸ ತಂದು ಗೆದ್ದರು. ಅಧ್ಯಕ್ಷೆ ಊರಿಗೆ ಯಾವ ಕೆಲಸವನ್ನೂ ಮಾಡಲಿಲ್ಲ ಎಂಬುದು ಅವರ ಆರೋಪ. ಅಂದು ಅಧ್ಯಕ್ಷೆಯ ಫೋಟೊ ನಮ್ಮ ಪತ್ರಿಕೆಯಲ್ಲಿ ಮೂರು ಕಾಲಂ ಬಂತು. ತಲೆ ತಗ್ಗಿಸಿ ಪಂಚಾಯಿತಿ ಮೆಟ್ಟಿಲು ಇಳಿಯುತ್ತಿದ್ದಾರೆ. ಕೆಳಗೆ ಹೆಸರು ಪೂರ್ತಿ ಇತ್ತು. ಆ ಪುಟ ಕಟ್ಟಿದವಳೂ ನಾನೇ. ಅವರು ಏನು ಹೇಳುತ್ತಾರೆಂಬ ಒಂದು ಸಾಲೂ ವರದಿಯಲ್ಲಿಲ್ಲ ಎಂಬುದು ಹೊಳೆದಾಗ ಪುಟ ಅಚ್ಚಿಗೆ ಹೋಗಿಯಾಗಿತ್ತು.

ಆ ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ಅವರ ಊರಲ್ಲಿ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸರು ಮನೆ ತೋರಿಸಿದರು. ಮನೆಯ ಮುಂದೆ ಅವರು ಆಗಷ್ಟೇ ಭತ್ತದ ನಾಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ನನ್ನನ್ನು ಗುರುತು ಹಿಡಿದರು. "ಬರ್ರಿ" ಎಂದು ಕುರ್ಚಿ ಹಾಕಿ, ತಾವು ಹೊಸ್ತಿಲ ಹತ್ತಿರ ಕೂತರು.

"ತಪ್ಪಾತಮ್ಮ" ಎಂದೆ. "ಆ ಫೋಟೊದಾಗ ಇದ್ದ ಗಣ್ಯರು ನಮ್ಮ ದೊಡ್ಡಪ್ಪ. ಅವತ್ತು ಹೇಳಲಿಲ್ಲ."

"ನಂಗ ಆವತ್ತೇ ಗೊತ್ತಾತು. ಮುಖ ಹಂಗ ಐತಿ ನಿಂದು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಬಂದು ಏನ್ ಮಾಡ್ತಿಯವ್ವ? ಕೆಳಗ ಇಳಿಸಿಯಾತು. ನಿಮ್ಮ ಪೇಪರ್‌ನಾಗ ಬಂದಿದ್ದನ್ನೇ ಓದಿ ಓದಿ ಕೈ ಎತ್ತಿಸಿದ್ರು. ನನಗೊಂದು ಫೋನ್ ಮಾಡಿ, ನೀ ಏನಂತಿ ಅಂತ ಯಾಕ ಕೇಳಲಿಲ್ಲ?" ಎಂದರು.

ಈಗ ಕೇಳುತ್ತೇನೆ, ಹೇಳಿ ಎಂದೆ. ಅವರು ಒಳಗೆ ಹೋಗಿ ತಾವು ಕೊಟ್ಟ ಅರ್ಜಿಗಳ ನಕಲು, ಕಚೇರಿಗಳ ಸೀಲು ಬಿದ್ದ ಕಾಗದಗಳನ್ನು ತಂದು ಒಂದೊಂದಾಗಿ ವಿವರಿಸಿದರು. ನನಗೆ ವರದಿ ಬರೆದು ಅಭ್ಯಾಸವಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡೆ.

ಸಂಪಾದಕರು ಓದಿ, "ಹಳೇ ಸುದ್ದಿ ಆತಲ್ಲ" ಎಂದರು. ಹಾಕದಿದ್ದರೆ ಪುಟ ಕಟ್ಟುವುದಿಲ್ಲ ಎಂದೆ. ಅವರ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಕೊನೆಗೆ ನಾಲ್ಕನೇ ಪುಟದ ಕೆಳಗೆ ಹತ್ತು ಸಾಲು ಬಂತು, ಫೋಟೊ ಇಲ್ಲದೆ. ಶಾಸಕರಿಗೆ ಬೇಕಾದವರಾಗಿದ್ದ ದೊಡ್ಡಪ್ಪ ಆ ವರ್ಷ ದೀಪಾವಳಿಗೆ ಜಾಹೀರಾತು ಕೊಡಲಿಲ್ಲ. ನಮ್ಮ ಮನೆಗೆ ಬರುವುದನ್ನೂ ಕಡಿಮೆ ಮಾಡಿದರು.

ಸುದ್ದಿ ಬಂದ ಬೆಳಿಗ್ಗೆ ಮಾಜಿ ಅಧ್ಯಕ್ಷೆ ಫೋನ್ ಮಾಡಿದ್ದರು.

"ನೋಡಿದೆನವ್ವ. ಸಣ್ಣದು ಐತಿ" ಎಂದರು. "ಆದ್ರ ನಾ ಅಂದದ್ದೇ ಐತಿ."

ಬಿಸಿಲೇರುವ ಮೊದಲು ಗದ್ದೆಗೆ ಹೋಗಬೇಕೆಂದು ಹೇಳಿ ಫೋನ್ ಇಟ್ಟರು.