ಕುಂಕುಮದ ಭರಣಿಯಲ್ಲಿ ಮಾತ್ರೆ

ಮೊನ್ನೆ ಸೊಸೆ ಕಪಾಟು ಒರೆಸುತ್ತಾ ನನ್ನ ಮರದ ಭರಣಿಯ ಮುಚ್ಚಳ ತಿರುಗಿಸಿದಳು. ಘಮ್ಮಂತ ಅರಗಿನ ವಾಸನೆ. "ಇದೇನತ್ತೆ, ಕುಂಕುಮದ ಭರಣೀಲಿ ಮಾತ್ರೆ?" ಅಂದಳು. ಅದನ್ನು ಕಡೆದುಕೊಟ್ಟ ಎದುರುಮನೆಯ ಭಾಯ್ ಕಣ್ಣ ಮುಂದೆ ಬಂದರು...

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಅವರು ಗೊಂಬೆ ಮಾಡುತ್ತಿದ್ದರು. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಾನು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದೆ. ಗಂಡ ಸಾಯುವಾಗ ನನಗೆ ಎಚ್‌ಐವಿ ಬಿಟ್ಟು ಹೋಗಿದ್ದ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಮಾತ್ರೆ ಸಾಲಿನಲ್ಲಿ ಒಮ್ಮೆ ತಿರುಗಿ ನೋಡಿದರೆ ಹಿಂದೆ ಭಾಯ್! ಇಬ್ಬರೂ ಕೈಯಲ್ಲಿದ್ದ ಚೀಟಿ ಮರೆಮಾಡಿಕೊಂಡೆವು. ಮುಂದಿನ ವಾರ ಗುಟ್ಟಾಗಿ ಈ ಭರಣಿ ಕೊಟ್ಟರು. "ಇದ್ರಲ್ಲಿಡು ತಂಗಿ, ಯಾರೂ ತೆಗೆಯಾಕಿಲ್ಲ." ನಿಜ, ವಿಧವೆಯ ಕುಂಕುಮದ ಭರಣಿಯನ್ನು ನಮ್ಮತ್ತೆಯೂ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಎದೆ ಹಿಂಡಿ, ಎಡಗೈ ಸೆಳೆದು, ಮೈಯೆಲ್ಲ ಬೆವರಿತು. ಭಾಯ್ ಆಟೋ ತಂದರು. ನಲವತ್ತೂ ಆಗದ ಹೆಂಗಸು ನೋಡಿ, ನರ್ಸಿಂಗ್ ಹೋಮಿನ ಡಾಕ್ಟರು ಗ್ಯಾಸ್ಟ್ರಿಕ್ ಅಂದುಬಿಟ್ಟರು. "ಬೇರೆ ಮಾತ್ರೆ ಏನಾದ್ರೂ ತಗೋತೀರೇನಮ್ಮಾ?" ಪಕ್ಕದಲ್ಲೇ ಅತ್ತೆ. ಸತ್ತರೂ ಸರಿ ಅಂತ, ಇಲ್ಲ ಎಂದು ತಲೆಯಾಡಿಸಿದೆ.

ಬಾಗಿಲಲ್ಲಿದ್ದ ಭಾಯ್ ಗಟ್ಟಿಯಾಗಿ ಅಂದರು: "ಸಾರ್, ನಂಗೆ ಎಚ್‌ಐವಿ ಐತೆ. ಈ ಕಾಯ್ಲೆ ಇರೋರಿಗೆ, ಮಾತ್ರೆ ನುಂಗ್ತಿದ್ರೂ ಹಾರ್ಟು ಬೇಗ ಕೆಡಬೋದಂತೆ. ದೊಡ್ಡಾಸ್ಪತ್ರೇಲಿ ಹೇಳವ್ರೆ. ನಂಗೂ ಒಸಿ ನೋಡಿ."

ಅತ್ತೆ ಮೂಗಿಗೆ ಸೆರಗು ಹಿಡಿದು ಆಚೆ ಓಡಿದರು. ಭಾಯ್ ನನ್ನತ್ತ ಬಗ್ಗಿ ಮೆಲ್ಲಗೆ ಅಂದರು, "ಈಗ ಹೇಳು ತಂಗಿ."

ಹೇಳಿದೆ. ಇಸಿಜಿ ತೆಗೆದು, ಆಗಿಂದಾಗಲೇ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಉಳಿದುಕೊಂಡೆ.

ನಾನು ವಾಪಸು ಬರುವಷ್ಟರಲ್ಲಿ ಬೀದಿಗೆಲ್ಲ ಭಾಯ್ ಸುದ್ದಿ ಹಬ್ಬಿತ್ತು. ಅವರ ಮನೆಯ ಟೀ ಯಾರಿಗೂ ಬೇಡವಾಯಿತು. ಎದುರುಮನೆ ಕಡೆ ತಲೆ ಹಾಕಬೇಡ ಎಂದರು ಅತ್ತೆ. ನಾನು ಹೂಂ ಅಂದೆ... ಆ ಹೂಂಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಭಾಯ್‌ಗೆ ಮಾತ್ರ ಬೇಸರವೇ ಇರಲಿಲ್ಲ. ದಿನಾ ಕಿಟಕಿಯಿಂದ ಬಾಯಿಗೆ ಕೈ ತೋರಿಸಿ, ಮಾತ್ರೆ ನುಂಗಿದೆಯಾ ಎಂದು ಸನ್ನೆ ಮಾಡುತ್ತಿದ್ದರು. ನನ್ನ ಗುಟ್ಟು ಯಾರಿಗೂ ಬಿಟ್ಟುಕೊಡಲಿಲ್ಲ. ಬೀಡಿಯನ್ನೂ ಬಿಡಲಿಲ್ಲ, ಮೊಂಡು ಮನುಷ್ಯ! "ನಂಗೂ ನೋಡಿ" ಅಂದವರು ತಮ್ಮ ಎದೆ ತೋರಿಸಲೇ ಇಲ್ಲ. ಎರಡು ವರ್ಷದ ಮೇಲೆ, ಗೊಂಬೆ ಕಡೆಯುವ ಮಷೀನಿನ ಮುಂದೆ ಕೂತಲ್ಲೇ ಎದೆನೋವಿಂದ ಹೋದರು.

ಸೊಸೆ ಇನ್ನೂ ಭರಣಿ ಹಿಡಿದು ನಿಂತಿದ್ದಳು. "ಕೂತ್ಕೊ ಕಣವ್ವ, ಹೇಳ್ತೀನಿ" ಅಂದೆ. ಗುಟ್ಟಿನ ಮಾತೆಂದು ಅವಳು ಕಿಟಕಿ ಮುಚ್ಚಲು ಎದ್ದಳು. ಬೇಡ ಅಂದೆ. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಆದರೂ ಆ ಕಡೆಗೇ ಮುಖ ಮಾಡಿ, ಗಟ್ಟಿಯಾಗಿ ಹೇಳಿದೆ.